ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಅನ್ನು ಹೊಸದಾಗಿ ಅಳವಡಿಸುವುದು: ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ನಿಧಾನವಾಗಿದ್ದ ತಮ್ಮ ಲ್ಯಾಪ್‌ಟಾಪನ್ನು ದುರಸ್ತಿಗೆ ಕೊಟ್ಟಿದ್ದರು. "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡುತ್ತೇವೆ, ಡಿ ಡ್ರೈವ್ ಹಾಗೆಯೇ ಇರುತ್ತದೆ" ಎಂಬ ಭರವಸೆ ಸಿಕ್ಕಿತ್ತು. ಎರಡು ದಿನಗಳ ನಂತರ ಗಣಕ ಚುರುಕಾಗಿ ಮರಳಿತು, ಆದರೆ ಡಿ ಡ್ರೈವಿನಲ್ಲಿ ಏನೂ ಇರಲಿಲ್ಲ. ಮಕ್ಕಳ ಬಾಲ್ಯದ ಚಿತ್ರಗಳು, ಮನೆಯ ಪತ್ರಗಳ ಸ್ಕ್ಯಾನ್ ಪ್ರತಿಗಳು ಎಲ್ಲವೂ ಹೋಗಿದ್ದವು. ಹೀಗಾಗಲು ಯಾರೂ ದುರುದ್ದೇಶದಿಂದ ಕೆಲಸ ಮಾಡಬೇಕಾಗಿಲ್ಲ. ಅಳವಡಿಕೆಯ ಪರದೆಯಲ್ಲಿ ಒಂದು ಸಾಲನ್ನು ತಪ್ಪಾಗಿ ಆಯ್ದುಕೊಂಡರೆ ಸಾಕು. ಆ ಘಟನೆಯ ನಂತರ ನಾನು ಈ ಕೆಲಸವನ್ನು ಯಾರಿಗೆ ಹೇಳಿಕೊಟ್ಟರೂ ಮುಕ್ಕಾಲು ಪಾಲು ಸಮಯವನ್ನು ಫಾರ್ಮ್ಯಾಟ್‌ಗೆ ಮುಂಚಿನ ಸಿದ್ಧತೆಗೇ ಕೊಡುತ್ತೇನೆ. ಈ ಬರಹದ ಹಂಚಿಕೆಯೂ ಅದೇ ರೀತಿಯಲ್ಲಿದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿದ್ದರಿಂದ ಹಳೆಯ ಗಣಕಗಳನ್ನು ಹೊಸದಾಗಿ ಸಜ್ಜುಗೊಳಿಸುವ ಅಗತ್ಯ ಈಗ ಅನೇಕರಿಗೆ ಬಂದಿದೆ. ಇಲ್ಲಿ ವಿವರಿಸುತ್ತಿರುವುದು ಮನೆಯ ಅಥವಾ ಸಣ್ಣ ಕಚೇರಿಯ ಲ್ಯಾಪ್‌ಟಾಪ್ ಒಂದರಲ್ಲಿ ಇರುವುದೆಲ್ಲವನ್ನೂ ಅಳಿಸಿ, ಪೆನ್ ಡ್ರೈವಿನಿಂದ ವಿಂಡೋಸ್ 11 ಅನ್ನು ಅಳವಡಿಸುವ ಕ್ರಮ. ಡೆಸ್ಕ್‌ಟಾಪಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇದು ನಿಜವಾಗಿ ಬೇಕೇ?

ಗಣಕ ನಿಧಾನವಾಗಿದೆ ಎಂಬುದೊಂದೇ ಕಾರಣವಾಗಿದ್ದರೆ, ಒಳಗಿರುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ (ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ ಸಂಗ್ರಹ) ಎಂಬುದನ್ನು ನೋಡಿಕೊಳ್ಳಿ. ಟಾಸ್ಕ್ ಮ್ಯಾನೇಜರ್ ತೆರೆದು "ಪರ್ಫಾರ್ಮೆನ್ಸ್" ಭಾಗದಲ್ಲಿ ಡಿಸ್ಕಿನ ಹೆಸರಿನ ಕೆಳಗೆ ಅದರ ಬಗೆಯನ್ನು ಬರೆದಿರುತ್ತದೆ. ಹಾರ್ಡ್ ಡಿಸ್ಕ್ ಆಗಿದ್ದರೆ, ಅದರ ಮೇಲೆಯೇ ವಿಂಡೋಸ್ 11 ಅನ್ನು ಮರಳಿ ಅಳವಡಿಸುವುದು ಶ್ರಮ ವ್ಯರ್ಥ ಮಾಡಿದಂತೆ ಎಂಬುದು ನನ್ನ ಅನುಭವ. ಕೆಲವು ವಾರ ಚುರುಕಾಗಿದ್ದು ಮತ್ತೆ ಅದೇ ನಿಧಾನಕ್ಕೆ ಇಳಿಯುತ್ತದೆ. ಒಂದು ಎಸ್‌ಎಸ್‌ಡಿ ಹಾಕಿಸಿ ಅದರ ಮೇಲೆ ಅಳವಡಿಸಿದರೆ ಹಳೆಯ ಡಿಸ್ಕು ನಿಮ್ಮ ಕಡತಗಳೊಂದಿಗೆ ಮುಟ್ಟದೆ ಉಳಿಯುತ್ತದೆ ಎಂಬ ಇನ್ನೊಂದು ಅನುಕೂಲವೂ ಇದೆ.

ಡಿಸ್ಕಿನ ಆರೋಗ್ಯವನ್ನೂ ಈಗಲೇ ಪರೀಕ್ಷಿಸಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶವು ಡಿಸ್ಕು ತನ್ನ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ಮಾಹಿತಿಯನ್ನು ಓದಿ ತೋರಿಸುತ್ತದೆ. ಕೆಟ್ಟ ಸೆಕ್ಟರುಗಳ ಎಣಿಕೆ ಏರುತ್ತಿದ್ದರೆ ಅಥವಾ ಎಚ್ಚರಿಕೆಯ ಬಣ್ಣ ಕಂಡರೆ, ಫಾರ್ಮ್ಯಾಟ್ ಅದನ್ನು ಗುಣಪಡಿಸುವುದಿಲ್ಲ. ಅಂಥ ಡಿಸ್ಕಿನಿಂದ ಕಡತಗಳನ್ನು ಕೂಡಲೇ ಹೊರತೆಗೆದು ಡಿಸ್ಕನ್ನೇ ಬದಲಿಸಬೇಕು.

ಗಣಕವು ವಿಂಡೋಸ್ 11ಕ್ಕೆ ಅರ್ಹವೇ ಎಂಬುದನ್ನು ಮೈಕ್ರೋಸಾಫ್ಟ್‌ನ "ಪಿಸಿ ಹೆಲ್ತ್ ಚೆಕ್" ತಂತ್ರಾಂಶ ಹೇಳುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ, ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಪಾಡುವ ಚಿಪ್), ಸೆಕ್ಯೂರ್ ಬೂಟ್ (ನಂಬಲರ್ಹ ವ್ಯವಸ್ಥೆಯನ್ನಷ್ಟೇ ಆರಂಭಿಸುವ ರಕ್ಷಣೆ) ಸಾಮರ್ಥ್ಯವಿರುವ ಯುಇಎಫ್‌ಐ (ಗಣಕವನ್ನು ಆರಂಭಿಸುವ ಮೂಲ ತಂತ್ರಾಂಶ) ಮತ್ತು ಬೆಂಬಲಿತ ಪ್ರೊಸೆಸರ್ ಇವು ಕನಿಷ್ಠ ಅಗತ್ಯಗಳು. ಇಂಟೆಲ್ ಆಗಿದ್ದರೆ ಸ್ಥೂಲವಾಗಿ 8ನೇ ಪೀಳಿಗೆ ಮತ್ತು ನಂತರದವು ಈ ಪಟ್ಟಿಯಲ್ಲಿವೆ. ಟಿಪಿಎಂ ಇಲ್ಲ ಎಂದು ತೋರಿಸಿದರೂ ಅದು ಬಯಾಸ್‌ನಲ್ಲಿ (ಆ ಮೂಲ ತಂತ್ರಾಂಶದ ಸೆಟ್ಟಿಂಗ್ ಪರದೆಯಲ್ಲಿ) ನಿಷ್ಕ್ರಿಯವಾಗಿರಬಹುದು. ಇಂಟೆಲ್ ಗಣಕಗಳಲ್ಲಿ ಪಿಟಿಟಿ, ಎಎಂಡಿ ಗಣಕಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದನ್ನು ಹುಡುಕಿ. ಅರ್ಹವಲ್ಲದ ಗಣಕಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕುವುದಕ್ಕಿಂತ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವುದನ್ನು ನಾನು ಶಿಫಾರಸು ಮಾಡುತ್ತೇನೆ. ಅವುಗಳಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಅಕ್ಷರ ಮೂಡಿಸುವ ಐಬಸ್ ತಂತ್ರಾಂಶದ ಎಂ17ಎನ್ ಪೂರಕವನ್ನು ಸೇರಿಸಿಕೊಂಡರೆ, ನುಡಿಯಲ್ಲಿ ಬಳಕೆಯಲ್ಲಿರುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿವಿನ್ಯಾಸವೂ ದೊರೆಯುತ್ತದೆ.

ಬ್ಯಾಕಪ್: ಈ ಕೆಲಸದ ನಿಜವಾದ ಭಾರ ಇಲ್ಲಿದೆ

ಒಂದು ಬಾಹ್ಯ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಅದು ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಮದುವೆಯ ವೀಡಿಯೊದಂಥವು ಅರ್ಧಕ್ಕೆ ನಿಲ್ಲುತ್ತವೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಲಿ.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳು ಎಲ್ಲರಿಗೂ ನೆನಪಾಗುತ್ತವೆ. ಹಾಗಾಗಿ ನೆನಪಾಗದೆ ಉಳಿಯುವವುಗಳ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಒನ್‌ಡ್ರೈವ್ ಬಳಸುತ್ತಿದ್ದರೆ, ಮೋಡದ ಗುರುತಿರುವ ಕಡತಗಳು ಗಣಕದಲ್ಲಿ ಹೆಸರಿಗೆ ಮಾತ್ರ ಇರುತ್ತವೆ. ಅವುಗಳ ನಿಜವಾದ ಪ್ರತಿ ಅಂತರ್ಜಾಲದಲ್ಲಿರುತ್ತದೆ. ಆ ಖಾತೆಗೆ ಬೇರೆ ಗಣಕದಿಂದ ಅಥವಾ ಫೋನಿನಿಂದ ಪ್ರವೇಶಿಸಿ ಕಡತಗಳು ಕಾಣುತ್ತಿವೆಯೇ ಎಂದು ನೋಡಿ. ಔಟ್‌ಲುಕ್‌ನಲ್ಲಿ ಇಮೇಲ್ ಇಟ್ಟುಕೊಂಡಿರುವವರು ಪಿಎಸ್‌ಟಿ ಕಡತವನ್ನು ಹುಡುಕಿ ನಕಲಿಸಬೇಕು. ಬ್ರೌಸರಿನ ಬುಕ್‌ಮಾರ್ಕುಗಳು ಮತ್ತು ಪಾಸ್‌ವರ್ಡುಗಳು ಖಾತೆಯೊಂದಿಗೆ ಸಿಂಕ್ ಆಗಿವೆಯೇ ಎಂದು ಪರೀಕ್ಷಿಸಿ. ಪಾಸ್‌ವರ್ಡುಗಳನ್ನು ಕಡತವಾಗಿ ಹೊರತೆಗೆದರೆ ಅದನ್ನು ಯಾರು ಬೇಕಾದರೂ ತೆರೆದು ಓದಬಹುದು. ಕೆಲಸ ಮುಗಿದೊಡನೆ ಅಳಿಸಿಬಿಡಿ.

ಅಂಗಡಿ ಅಥವಾ ಲೆಕ್ಕಪತ್ರದ ಕಚೇರಿಯ ಗಣಕವಾಗಿದ್ದರೆ ಟ್ಯಾಲಿ ಇರುವ ಸಾಧ್ಯತೆ ಹೆಚ್ಚು. ಕಂಪನಿ ವಿವರಗಳ ಪರದೆಯಲ್ಲಿ ಡೇಟಾ ಫೋಲ್ಡರಿನ ವಿಳಾಸ ಕಾಣುತ್ತದೆ; ಅದನ್ನು ಪೂರ್ತಿಯಾಗಿ ನಕಲಿಸಿ, ಜೊತೆಗೆ ಟ್ಯಾಲಿಯ ಒಳಗಿನ ಬ್ಯಾಕಪ್ ಸೌಲಭ್ಯದಿಂದಲೂ ಒಂದು ಪ್ರತಿ ತೆಗೆಯಿರಿ. ಫಾರ್ಮ್ಯಾಟ್‌ಗೆ ಮುಂಚೆ ಟ್ಯಾಲಿಯ ಪರವಾನಗಿಯನ್ನು "ಸರೆಂಡರ್" ಮಾಡುವುದನ್ನು ಮರೆಯಬೇಡಿ, ಏಕೆಂದರೆ ಒಂದು ಗಣಕದಲ್ಲಿ ಸಕ್ರಿಯವಾಗಿರುವ ಪರವಾನಗಿಯನ್ನು ಬಿಡಿಸಿಕೊಳ್ಳದೆ ಎಲ್ಲವನ್ನೂ ಒರೆಸಿದರೆ ಮತ್ತೆ ಸಕ್ರಿಯಗೊಳಿಸುವಾಗ ತೊಡಕಾಗುತ್ತದೆ. ಡಿಜಿಟಲ್ ಸಹಿಯ ಪ್ರಮಾಣಪತ್ರ ಯುಎಸ್‌ಬಿ ಟೋಕನ್ನಿನ ಒಳಗೇ ಇರುವುದರಿಂದ ಅದಕ್ಕೆ ಧಕ್ಕೆಯಿಲ್ಲ. ಅದರ ಡ್ರೈವರನ್ನು (ಸಾಧನವನ್ನು ವಿಂಡೋಸ್‌ನೊಂದಿಗೆ ಕೆಲಸ ಮಾಡಿಸುವ ತಂತ್ರಾಂಶ) ಮಾತ್ರ ಮತ್ತೆ ಹಾಕಬೇಕಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮುಖ್ಯ ವಿಷಯವಿದೆ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಬಳಕೆಗೆ ಬರುವ ಮುಂಚೆ, ಕೆಲವು ಕಚೇರಿಗಳಲ್ಲಿ ಅದರ ನಂತರವೂ, ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ದಾಖಲೆಗಳು ಅಪಾರವಾಗಿವೆ. ಆ ದಾಖಲೆಗಳಲ್ಲಿ ಉಳಿದಿರುವುದು ನಿಜವಾದ ಕನ್ನಡ ಅಕ್ಷರಗಳ ಸಂಕೇತಗಳಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಹೊಸ ವಿಂಡೋಸ್‌ನಲ್ಲಿ ಆ ಫಾಂಟು ಇಲ್ಲದಿದ್ದರೆ ಇಡೀ ಕಡತ ಅರ್ಥವಿಲ್ಲದ ಚಿಹ್ನೆಗಳ ರಾಶಿಯಂತೆ ತೆರೆಯುತ್ತದೆ, ಕಡತ ಹಾಳಾಗಿದೆ ಎಂದುಕೊಂಡು ಅಳಿಸಿಬಿಟ್ಟವರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ "ಫಾಂಟ್ಸ್" ಫೋಲ್ಡರಿನಿಂದ ನುಡಿ, ಬರಹ ಮುಂತಾದ ಫಾಂಟುಗಳನ್ನೆಲ್ಲ ಬಾಹ್ಯ ಡಿಸ್ಕಿಗೆ ನಕಲಿಸಿ. ಆ ತಂತ್ರಾಂಶಗಳ ಅಳವಡಿಕೆ ಕಡತ ನಿಮ್ಮಲ್ಲಿದ್ದರೆ ಅದನ್ನೂ ಜೊತೆಗಿಡಿ. ಬಿಡುವಿದ್ದಾಗ ಮುಖ್ಯ ದಾಖಲೆಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಈ ಚಿಂತೆಯೇ ತೀರುತ್ತದೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಓದಿ ನೋಡಬೇಕು.

ನಕಲಿಸಿದ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ತಿಳಿಯಬೇಡಿ. ಮೂಲ ಫೋಲ್ಡರಿನ ಮತ್ತು ನಕಲಿನ "ಪ್ರಾಪರ್ಟೀಸ್" ತೆರೆದು ಕಡತಗಳ ಸಂಖ್ಯೆಯನ್ನು ಹೋಲಿಸಿ. ಅನಂತರ ಬಾಹ್ಯ ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ ಕೆಲವು ಚಿತ್ರ, ಒಂದೆರಡು ವೀಡಿಯೊ, ಒಂದು ದಾಖಲೆಯನ್ನು ನಿಜವಾಗಿ ತೆರೆದು ನೋಡಿ. ಮತ್ತೆ ಸಿಗಲಾರದ ಕಡತಗಳಿಗೆ ಎರಡನೆಯ ಪ್ರತಿಯೂ ಬೇರೆಡೆ ಇರಬೇಕು. ಪರೀಕ್ಷೆ ಮುಗಿದ ಮೇಲೆ ಬಾಹ್ಯ ಡಿಸ್ಕನ್ನು ಕಳಚಿ ಕಪಾಟಿನಲ್ಲಿಡಿ. ಅಳವಡಿಕೆ ನಡೆಯುವಾಗ ಅದು ಗಣಕಕ್ಕೆ ಜೋಡಣೆಯಾಗಿರಲೇಬಾರದು.

ಪರವಾನಗಿ ಮತ್ತು ಪೆನ್ ಡ್ರೈವ್

ಸೆಟ್ಟಿಂಗ್ಸ್‌ನ "ಆಕ್ಟಿವೇಷನ್" ಪುಟದಲ್ಲಿ ನಿಮ್ಮ ವಿಂಡೋಸ್ ಹೋಮ್ ಆವೃತ್ತಿಯೋ ಪ್ರೊ ಆವೃತ್ತಿಯೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಡಿಜಿಟಲ್ ಪರವಾನಗಿಯಿಂದ ಸಕ್ರಿಯವಾಗಿದೆ ಎಂದಿದ್ದರೆ ಆ ಪರವಾನಗಿ ಗಣಕದ ಯಂತ್ರಾಂಶಕ್ಕೆ, ಮುಖ್ಯವಾಗಿ ಮದರ್‌ಬೋರ್ಡಿಗೆ ಬೆಸೆದುಕೊಂಡಿರುತ್ತದೆ. ಡಿಸ್ಕನ್ನು ಒರೆಸಿದರೂ ಬದಲಿಸಿದರೂ ಅದು ಹೋಗುವುದಿಲ್ಲ. ಅದೇ ಆವೃತ್ತಿಯನ್ನು ಅಳವಡಿಸಿ ಅಂತರ್ಜಾಲಕ್ಕೆ ಸೇರಿಸಿದರೆ ತಾನಾಗಿಯೇ ಸಕ್ರಿಯವಾಗುತ್ತದೆ. ಹೋಮ್ ಪರವಾನಗಿಯಿರುವ ಗಣಕಕ್ಕೆ ಪ್ರೊ ಹಾಕಿ, ನಂತರ ಅದನ್ನು ಸಕ್ರಿಯಗೊಳಿಸಲು ಅಕ್ರಮ ಉಪಾಯಗಳಿಗೆ ಕೈಹಾಕುವುದು ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ಅಂಥ ಸಾಧನಗಳಲ್ಲಿ ಅನೇಕವು ವೈರಸ್ ರಕ್ಷಣೆಯನ್ನು ನಿಲ್ಲಿಸಿದ ಮೇಲೆ ಮಾತ್ರ ನಡೆಯುತ್ತವೆ ಎಂಬುದೇ ಅವುಗಳನ್ನು ದೂರವಿಡಲು ಸಾಕಷ್ಟು ಕಾರಣ.

8 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ, ಖಾಲಿಯಾಗಿರುವ ಪೆನ್ ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟ್‌ನ ಅಧಿಕೃತ ಜಾಲತಾಣದಿಂದ ವಿಂಡೋಸ್ 11ರ "ಮೀಡಿಯಾ ಕ್ರಿಯೇಷನ್ ಟೂಲ್" ಇಳಿಸಿಕೊಂಡು ಚಾಲನೆ ಮಾಡಿ, ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ಎಂಬುದನ್ನು ಆರಿಸಿದರೆ ಉಳಿದದ್ದನ್ನು ಅದೇ ಮಾಡುತ್ತದೆ. ಹಲವು ಜಿಬಿ ಇಳಿಯಬೇಕಾದ್ದರಿಂದ ಸ್ಥಿರವಾದ ಸಂಪರ್ಕವಿರುವಾಗ ಮಾಡಿ. ನಿಮ್ಮ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ವೈಫೈ ಡ್ರೈವರನ್ನೂ, 11ನೇ ಪೀಳಿಗೆ ಅಥವಾ ನಂತರದ ಇಂಟೆಲ್ ಪ್ರೊಸೆಸರ್ ಇದ್ದರೆ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನೂ ಇಳಿಸಿ, ಬಿಚ್ಚಿದ ರೂಪದಲ್ಲಿ ಅದೇ ಪೆನ್ ಡ್ರೈವಿನ ಒಂದು ಫೋಲ್ಡರಿನಲ್ಲಿಡಿ. ಇದರ ಉಪಯೋಗ ಮುಂದೆ ತಿಳಿಯುತ್ತದೆ.

ಪೆನ್ ಡ್ರೈವಿನಿಂದ ಬೂಟ್ ಮಾಡುವುದು

ಲ್ಯಾಪ್‌ಟಾಪನ್ನು ಚಾರ್ಜರಿಗೆ ಜೋಡಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ಏಕೆಂದರೆ ಅಳವಡಿಕೆಯ ಮಧ್ಯದಲ್ಲಿ ವಿದ್ಯುತ್ ಹೋದರೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಗಣಕವನ್ನು ಪೂರ್ತಿಯಾಗಿ ಆಫ್ ಮಾಡಿ, ಪೆನ್ ಡ್ರೈವ್ ಚುಚ್ಚಿ, ಗುಂಡಿ ಒತ್ತಿದ ತಕ್ಷಣ ಬೂಟ್ ಮೆನುವಿನ (ಗಣಕ ಯಾವುದರಿಂದ ಆರಂಭವಾಗಬೇಕೆಂದು ಕೇಳುವ ಪಟ್ಟಿಯ) ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್ ಕೀಲಿ. ಏಸರ್‌ನಲ್ಲಿಯೂ ಎಫ್12, ಆದರೆ ಅನೇಕ ಮಾದರಿಗಳಲ್ಲಿ ಅದನ್ನು ಮೊದಲು ಬಯಾಸ್‌ನಲ್ಲಿ ಸಕ್ರಿಯಗೊಳಿಸಬೇಕಾಗುತ್ತದೆ. ಪಟ್ಟಿಯಲ್ಲಿ ಪೆನ್ ಡ್ರೈವಿನ ಹೆಸರು ಎರಡು ಬಾರಿ ಕಂಡರೆ "ಯುಇಎಫ್‌ಐ" ಎಂದಿರುವುದನ್ನು ಆರಿಸಿ.

ಭಾಷೆಯ ಪರದೆಯಲ್ಲಿ ಸಮಯ ಮತ್ತು ಕರೆನ್ಸಿಯ ಸ್ವರೂಪವನ್ನು "ಇಂಗ್ಲಿಷ್ (ಇಂಡಿಯಾ)" ಎಂದು ಇಡಿ. ದಿನಾಂಕ, ರೂಪಾಯಿ ಚಿಹ್ನೆ ಸರಿಯಾಗಿ ಬರುತ್ತವೆ. ಮುಂದೆ "ಇನ್‌ಸ್ಟಾಲ್ ವಿಂಡೋಸ್ 11" ಆರಿಸಿ, ಎಲ್ಲವೂ ಅಳಿಸಿಹೋಗುತ್ತದೆ ಎಂಬ ಹೇಳಿಕೆಗೆ ಒಪ್ಪಿಗೆ ಕೊಡಬೇಕು. ಪ್ರಾಡಕ್ಟ್ ಕೀ ಕೇಳಿದಲ್ಲಿ "ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ" ಎಂಬುದನ್ನು ಒತ್ತಿ, ಬರೆದಿಟ್ಟುಕೊಂಡ ಆವೃತ್ತಿಯನ್ನೇ ಆರಿಸಿ. ಕೀ ಬಯಾಸ್‌ನಲ್ಲೇ ಅಡಕವಾಗಿರುವ ಗಣಕಗಳಲ್ಲಿ ಈ ಪ್ರಶ್ನೆಗಳು ಬಾರದೆ ಇರಬಹುದು.

ಪಾರ್ಟಿಷನ್ ಪರದೆ: ಇಲ್ಲಿ ನಿಧಾನಿಸಿ

ಈಗ ಬರುವ ಪರದೆ ವಿಂಡೋಸ್ ಅನ್ನು ಎಲ್ಲಿ ಅಳವಡಿಸಬೇಕು ಎಂದು ಕೇಳುತ್ತದೆ. ಇಲ್ಲಿ ಸಿ, ಡಿ ಎಂಬ ಅಕ್ಷರಗಳು ಇರುವುದಿಲ್ಲ. "ಡಿಸ್ಕ್ 0 ಪಾರ್ಟಿಷನ್ 3" ಎಂಬ ರೀತಿಯ ಸಾಲುಗಳೂ ಅವುಗಳ ಗಾತ್ರವೂ ಮಾತ್ರ ಇರುತ್ತವೆ. ನಮ್ಮ ಬಂಧುಗಳ ಡಿ ಡ್ರೈವ್ ಹೋದದ್ದು ಇದೇ ಪರದೆಯಲ್ಲಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಡಿಸ್ಕ್ 0, ಡಿಸ್ಕ್ 1 ಎಂಬುದು ಬೇರೆ ಬೇರೆ ಭೌತಿಕ ಡಿಸ್ಕುಗಳನ್ನು ಸೂಚಿಸುತ್ತದೆ. ಒಂದೇ ಡಿಸ್ಕಿನಲ್ಲಿ ಹಲವು ಪಾರ್ಟಿಷನ್‌ಗಳಿರುವುದು (ಪ್ರತ್ಯೇಕ ಭಾಗಗಳಿರುವುದು) ಸಹಜ. ಗಣಕದಲ್ಲಿ ಎರಡು ಡಿಸ್ಕುಗಳಿದ್ದು ಒಂದನ್ನು ಉಳಿಸಿಕೊಳ್ಳಬೇಕಾದರೆ, ಸಾಧ್ಯವಿದ್ದಲ್ಲಿ ಅದನ್ನು ಭೌತಿಕವಾಗಿಯೇ ಕಳಚಿಬಿಡುವುದು ಉತ್ತಮ. ಹಾಗೆ ಮಾಡಿದರೆ ಬೂಟ್‌ಗೆ ಬೇಕಾದ ಕಡತಗಳು ತಪ್ಪು ಡಿಸ್ಕಿಗೆ ಹೋಗಿ ಕೂರುವ ತೊಂದರೆಯೂ ತಪ್ಪುತ್ತದೆ.

ಬ್ಯಾಕಪ್ ಪರೀಕ್ಷೆಯಾಗಿದೆ ಎಂಬ ಖಾತ್ರಿಯಿದ್ದರೆ, ಅಳವಡಿಸಬೇಕಾದ ಡಿಸ್ಕಿನ ಪ್ರತಿಯೊಂದು ಪಾರ್ಟಿಷನ್ನನ್ನೂ ಆರಿಸಿ "ಡಿಲೀಟ್" ಒತ್ತಿ. ಕೊನೆಗೆ ಆ ಡಿಸ್ಕಿನಲ್ಲಿ "ಅನ್‌ಅಲೊಕೇಟೆಡ್ ಸ್ಪೇಸ್" ಎಂಬ ಒಂದೇ ಸಾಲು ಉಳಿಯುತ್ತದೆ. ಅದನ್ನು ಆರಿಸಿ "ನೆಕ್ಸ್ಟ್" ಒತ್ತಿದರೆ ಸಾಕು; ಬೇರೆಯಾಗಿ ಫಾರ್ಮ್ಯಾಟ್ ಮಾಡಬೇಕಾಗಿಲ್ಲ. ಬೂಟ್‌ಗೆ ಬೇಕಾದ ಸಣ್ಣ ಇಎಫ್‌ಐ ಪಾರ್ಟಿಷನ್, 16 ಎಂಬಿಯ ಕಾಯ್ದಿರಿಸಿದ ಭಾಗ, ವಿಂಡೋಸ್‌ನ ಮುಖ್ಯ ಪಾರ್ಟಿಷನ್ ಮತ್ತು ರಿಕವರಿ ಪಾರ್ಟಿಷನ್ ಇವುಗಳನ್ನು ಅಳವಡಿಕೆಯೇ ರಚಿಸಿಕೊಳ್ಳುತ್ತದೆ. ಪಾರ್ಟಿಷನ್‌ಗಳನ್ನು ಅಳಿಸದೆ ಹಳೆಯದರ ಮೇಲೆಯೇ ಅಳವಡಿಸಿದರೆ ಹಿಂದಿನ ವ್ಯವಸ್ಥೆ "ವಿಂಡೋಸ್ ಡಾಟ್ ಓಲ್ಡ್" ಎಂಬ ಫೋಲ್ಡರಾಗಿ ಉಳಿದುಕೊಳ್ಳುತ್ತದೆ. ಅದನ್ನು ಸ್ವಚ್ಛ ಅಳವಡಿಕೆ ಎನ್ನಲಾಗದು.

ಈ ಪರದೆಯಲ್ಲಿ ಎರಡು ತೊಂದರೆಗಳು ಸಾಮಾನ್ಯ. ಮೊದಲನೆಯದು, ಪಟ್ಟಿಯಲ್ಲಿ ಡಿಸ್ಕೇ ಕಾಣದಿರುವುದು. 11ನೇ ಪೀಳಿಗೆಯಿಂದೀಚಿನ ಅನೇಕ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಎಸ್‌ಎಸ್‌ಡಿ ಇರುವುದರಿಂದ ಹೀಗಾಗುತ್ತದೆ. ಎಸ್‌ಎಸ್‌ಡಿ ಕೆಟ್ಟಿದೆ ಎಂದು ಭಾವಿಸಿ ಹೊಸದನ್ನು ಕೊಳ್ಳಬೇಡಿ. "ಲೋಡ್ ಡ್ರೈವರ್" ಒತ್ತಿ, ಮುಂಚೆಯೇ ಪೆನ್ ಡ್ರೈವಿನಲ್ಲಿಟ್ಟ ಇಂಟೆಲ್ ಡ್ರೈವರಿನ ಫೋಲ್ಡರನ್ನು ತೋರಿಸಿದರೆ ಡಿಸ್ಕು ಕಾಣಿಸಿಕೊಳ್ಳುತ್ತದೆ.

ಎರಡನೆಯದು, ಡಿಸ್ಕಿನಲ್ಲಿ ಎಂಬಿಆರ್ ವಿಧಾನದ ಪಾರ್ಟಿಷನ್ ಕೋಷ್ಟಕವಿದೆ, ಜಿಪಿಟಿ ಬೇಕು ಎಂಬ ದೋಷ ಸಂದೇಶ. ಡಿಸ್ಕಿನ ಭಾಗಗಳನ್ನು ದಾಖಲಿಸಿಡುವ ವಿಧಾನಗಳಲ್ಲಿ ಜಿಪಿಟಿ ಹೊಸದು, ಎಂಬಿಆರ್ ಹಳೆಯ ಪದ್ಧತಿ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಬಳಸಲು ಅದರಿಂದ ಆಗದು. ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗಿದ್ದು, ಎಲ್ಲ ಪಾರ್ಟಿಷನ್‌ಗಳನ್ನೂ ಅಳಿಸಿ ಖಾಲಿ ಜಾಗವನ್ನು ಆರಿಸಿದರೆ ಅಳವಡಿಕೆಯೇ ಡಿಸ್ಕನ್ನು ಜಿಪಿಟಿಗೆ ಬದಲಿಸುತ್ತದೆ. ಆಗದಿದ್ದರೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ ಆಜ್ಞಾ ಪರದೆ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ "ಡಿಸ್ಕ್‌ಪಾರ್ಟ್" ಎಂದು ಬರೆದು ಎಂಟರ್ ಒತ್ತಿ; "ಲಿಸ್ಟ್ ಡಿಸ್ಕ್" ಆಜ್ಞೆಯಿಂದ ಡಿಸ್ಕುಗಳ ಪಟ್ಟಿ ಪಡೆದು, ಗಾತ್ರ ನೋಡಿ ಸರಿಯಾದುದನ್ನು ಗುರುತಿಸಿ; "ಸೆಲೆಕ್ಟ್ ಡಿಸ್ಕ್ 0" ಎಂದು ಆ ಸಂಖ್ಯೆಯನ್ನು ಕೊಡಿ; ಆಮೇಲೆ "ಕ್ಲೀನ್", ಕೊನೆಗೆ "ಕನ್ವರ್ಟ್ ಜಿಪಿಟಿ". "ಕ್ಲೀನ್" ಆಜ್ಞೆ ಖಚಿತವೇ ಎಂದು ಮರುಪ್ರಶ್ನೆ ಕೇಳುವುದಿಲ್ಲ. ಪೆನ್ ಡ್ರೈವ್ ಕೂಡ ಆ ಪಟ್ಟಿಯಲ್ಲಿರುತ್ತದೆ ಎಂಬುದನ್ನು ಗಮನದಲ್ಲಿಡಿ.

ಕಡತಗಳು ನಕಲಾಗಿ ಗಣಕ ಕೆಲವು ಬಾರಿ ತಾನಾಗಿ ಮರುಚಾಲನೆಯಾಗುತ್ತದೆ. ಮೊದಲ ಮರುಚಾಲನೆಯ ಹೊತ್ತಿಗೆ ಮತ್ತೆ ಅಳವಡಿಕೆಯ ಮೊದಲ ಪರದೆಯೇ ಬಂದರೆ ಗಣಕವು ಪುನಃ ಪೆನ್ ಡ್ರೈವಿನಿಂದ ಬೂಟ್ ಆಗಿದೆ ಎಂದರ್ಥ. ಅದನ್ನು ಕಿತ್ತು ಮರುಚಾಲನೆ ಮಾಡಿ.

ಮೊದಲ ಚಾಲನೆ ಮತ್ತು ನಂತರದ ಕೆಲಸ

ವಿಂಡೋಸ್ 11 ಮೊದಲ ಸಲ ಸಜ್ಜಾಗುವಾಗ ಅಂತರ್ಜಾಲ ಸಂಪರ್ಕವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ವೈಫೈ ಪಟ್ಟಿ ಖಾಲಿಯಿದ್ದರೆ ಅದರ ಡ್ರೈವರ್ ಇಲ್ಲವೆಂದರ್ಥ. ಇಳಿಸಿಟ್ಟ ಡ್ರೈವರನ್ನು ಅಲ್ಲಿಯೇ ತೋರಿಸಬಹುದು, ಇಲ್ಲವೇ ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ "ಯುಎಸ್‌ಬಿ ಟೆದರಿಂಗ್" ಆನ್ ಮಾಡಿದರೆ ಸಾಮಾನ್ಯವಾಗಿ ಸಂಪರ್ಕ ಸಿಗುತ್ತದೆ.

ಡೆಸ್ಕ್‌ಟಾಪ್ ಬಂದ ಮೇಲೆ ವಿಂಡೋಸ್ ಅಪ್‌ಡೇಟ್ ತೆರೆದು, ಇನ್ನೇನೂ ಬಾಕಿಯಿಲ್ಲ ಎನ್ನುವವರೆಗೆ ಪದೇ ಪದೇ ನಡೆಸಿ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಉಳಿದಿದ್ದರೆ ಆ ಭಾಗದ ಡ್ರೈವರನ್ನು ಗಣಕ ತಯಾರಕರ ತಾಣದಿಂದಲೇ ತನ್ನಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಮೂರನೆಯವರ ತಂತ್ರಾಂಶಗಳು ಬೇಡ. ಆಕ್ಟಿವೇಷನ್ ಪುಟವನ್ನೂ ಒಮ್ಮೆ ನೋಡಿ.

ನಂತರ ಕನ್ನಡ. ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಪಡೆಯುವ ಫೊನೆಟಿಕ್ ಕೀಲಿಮಣೆಯನ್ನೂ ಅಲ್ಲೇ ಸೇರಿಸಿಕೊಳ್ಳಬಹುದು. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ (ಮೇಲೆ ಹೇಳಿದ ಕೆಜಿಪಿಗೆ) ಒಗ್ಗಿದ ಕೈಗಳು ನುಡಿಯನ್ನು ಮತ್ತೆ ಅಳವಡಿಸಿಕೊಳ್ಳಬೇಕು. ಕನ್ನಡ ಓದಲು ನಿರ್ಮಲಾ ಯುಐ ಫಾಂಟು ಮೊದಲಿನಿಂದಲೇ ಇರುತ್ತದೆ, ಆದರೆ ಹಳೆಯ ದಾಖಲೆಗಳಲ್ಲಿ ಬಳಕೆಯಾಗಿರುವ ತುಂಗಾ ಈಗ "ಆಪ್ಷನಲ್ ಫೀಚರ್ಸ್" ಪಟ್ಟಿಯ ಕನ್ನಡ ಪೂರಕ ಫಾಂಟುಗಳಲ್ಲಿದೆ. ಅದನ್ನು ಸೇರಿಸದಿದ್ದರೆ ಅಕ್ಷರಗಳು ಓದಲು ಸಿಗುತ್ತವೆ, ಪುಟಗಳ ಅಳತೆ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಬಾಹ್ಯ ಡಿಸ್ಕನ್ನು ಈಗ ಜೋಡಿಸಿ, ವಿಂಡೋಸ್‌ನಲ್ಲೇ ಇರುವ ವೈರಸ್ ರಕ್ಷಕ ಡಿಫೆಂಡರಿನಿಂದ ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಿ, ಮೊದಲು ಫಾಂಟುಗಳನ್ನೂ ಆಮೇಲೆ ಕಡತಗಳನ್ನೂ ಮರಳಿಸಿ.

ಒಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. 24ಎಚ್2 (2024ರ ದ್ವಿತೀಯಾರ್ಧದ ಆವೃತ್ತಿ) ಮತ್ತು ನಂತರದ ವಿಂಡೋಸ್ 11 ಅನ್ನು ಹೊಸದಾಗಿ ಅಳವಡಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಅನೇಕ ಗಣಕಗಳಲ್ಲಿ ಡಿಸ್ಕಿನ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ತಾನಾಗಿಯೇ ಆರಂಭವಾಗುತ್ತದೆ. ಮುಂದೆ ಬಯಾಸ್ ಬದಲಾವಣೆಯೋ ಮದರ್‌ಬೋರ್ಡ್ ದುರಸ್ತಿಯೋ ಆದಾಗ 48 ಅಂಕಿಗಳ ರಿಕವರಿ ಕೀ ಇಲ್ಲದೆ ಡಿಸ್ಕು ತೆರೆಯುವುದಿಲ್ಲ. ಆ ಕೀ ನಿಮ್ಮ ಖಾತೆಯಲ್ಲಿ ಉಳಿದಿದೆಯೇ ಎಂದು ನೋಡಿ, ಒಂದು ಕಾಗದದ ಮೇಲೆ ಮುದ್ರಿಸಿ ಮನೆಯ ಪತ್ರಗಳೊಂದಿಗೆ ಇಡಿ.

ಗಣಕವನ್ನು ಮಾರುವುದಾದರೆ

ಮೇಲಿನ ಕ್ರಮ ಸ್ವಂತ ಬಳಕೆಗೆ ಸಾಕು, ಮಾರಾಟಕ್ಕೆ ಸಾಲದು. ಅಳವಡಿಕೆಯ ವೇಳೆ ನಡೆಯುವ ಕ್ವಿಕ್ ಫಾರ್ಮ್ಯಾಟ್ ಕಡತಗಳ ಸೂಚಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಹಳೆಯ ಮಾಹಿತಿ ತಟ್ಟೆಯ ಮೇಲೆ ಹಾಗೆಯೇ ಇರುವುದರಿಂದ ಉಚಿತವಾಗಿ ಸಿಗುವ ತಂತ್ರಾಂಶಗಳೇ ಅದನ್ನು ಹೊರತೆಗೆಯಬಲ್ಲವು. ಅಂಥ ಡಿಸ್ಕನ್ನು ಡಿಸ್ಕ್‌ಪಾರ್ಟ್‌ನಲ್ಲಿ ಆರಿಸಿ "ಕ್ಲೀನ್ ಆಲ್" ಕೊಟ್ಟರೆ ಪ್ರತಿಯೊಂದು ಸೆಕ್ಟರಿನ ಮೇಲೂ ಸೊನ್ನೆ ಬರೆಯುತ್ತದೆ. 1 ಟಿಬಿ ಡಿಸ್ಕಿಗೆ ಎರಡು ಮೂರು ಗಂಟೆ ಹಿಡಿಯಬಹುದು, ಒಮ್ಮೆ ಮಾಡಿದರೆ ಸಾಕು. ಎಸ್‌ಎಸ್‌ಡಿಗೆ ಈ ವಿಧಾನ ತಕ್ಕುದಲ್ಲ, ಏಕೆಂದರೆ ಅದು ಬರೆಯುವ ಜಾಗವನ್ನು ತಾನೇ ಬದಲಿಸಿಕೊಳ್ಳುತ್ತಿರುತ್ತದೆ. ಬಯಾಸ್‌ನಲ್ಲಿ ಅಥವಾ ಎಸ್‌ಎಸ್‌ಡಿ ತಯಾರಕರ ತಂತ್ರಾಂಶದಲ್ಲಿರುವ "ಸೆಕ್ಯೂರ್ ಇರೇಸ್" ಬಳಸಿ.

ಸ್ವಂತಕ್ಕೇ ಉಳಿಸಿಕೊಳ್ಳುವ ಗಣಕವಾದರೆ, ಬ್ಯಾಕಪ್ ಇಟ್ಟ ಬಾಹ್ಯ ಡಿಸ್ಕನ್ನು ಕನಿಷ್ಠ ಒಂದೆರಡು ತಿಂಗಳು ಬೇರೆ ಕೆಲಸಕ್ಕೆ ಬಳಸಬೇಡಿ. ಮರಳಿಸಲು ಮರೆತ ಕಡತ ಮೊದಲ ವಾರದಲ್ಲಿ ನೆನಪಾಗುವುದಿಲ್ಲ. ಜಿಎಸ್‌ಟಿ ಲೆಕ್ಕ ಒಪ್ಪಿಸುವ ದಿನವೋ ಮಗುವಿನ ಶಾಲೆಯಲ್ಲಿ ಹಳೆಯ ಪ್ರಮಾಣಪತ್ರ ಕೇಳಿದ ದಿನವೋ ಅದನ್ನು ಹುಡುಕಬೇಕಾಗುತ್ತದೆ.